ನಿಯಮದಿಂದ ಯಮಕ್ಕೆ

ದಶಲಕ್ಷಣ ಪರ್ವದಲ್ಲಿ ರಾತ್ರಿಭೋಜನವನ್ನು ತ್ಯಜಿಸಿದ ಅನೇಕ ಶ್ರಾವಕರು ಪರ್ವ ಮುಗಿದೊಡನೆ ಹಳೆಯ ಅಭ್ಯಾಸಕ್ಕೇ ಮರಳುವುದುಂಟು. ಇದಕ್ಕೆ ಶ್ರದ್ಧೆಯ ಕೊರತೆಯೊಂದೇ ಕಾರಣವಲ್ಲ. ವ್ರತವನ್ನು ನೆಲೆಗೊಳಿಸುವ ಕ್ರಮವನ್ನು ಅರಿಯದಿರುವುದೂ ಕಾರಣವು.

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಭೋಗೋಪಭೋಗಗಳ ತ್ಯಾಗವನ್ನು ಎರಡು ವಿಧವಾಗಿ ವಿಂಗಡಿಸಿದ್ದಾರೆ. ಕಾಲಮಿತಿಯುಳ್ಳದ್ದು ನಿಯಮ, ಜೀವನಪರ್ಯಂತ ಧರಿಸತಕ್ಕದ್ದು ಯಮ. ದಿನ, ರಾತ್ರಿ, ಪಕ್ಷ, ಮಾಸ, ಋತು, ಅಯನ ಇವು ನಿಯಮದ ಅವಧಿಗಳು. ಗೃಹಸ್ಥನಿಗೆ ಇವು ಯಮಕ್ಕೆ ಏರುವ ಮೆಟ್ಟಿಲುಗಳಾಗಬಲ್ಲವು.

ತತ್ತ್ವಾರ್ಥಸೂತ್ರದ 7ನೆಯ ಅಧ್ಯಾಯವು ಪ್ರತಿಯೊಂದು ವ್ರತದ ಸ್ಥೈರ್ಯಕ್ಕಾಗಿ ಐದೈದು ಭಾವನೆಗಳನ್ನು ವಿಧಿಸುತ್ತದೆ. ಅಹಿಂಸಾವ್ರತದ ಐದನೆಯ ಭಾವನೆ ಆಲೋಕಿತಪಾನಭೋಜನ, ಅಂದರೆ ಬೆಳಕಿನಲ್ಲಿ ನೋಡಿ ಉಣ್ಣುವುದು. ವ್ರತಕ್ಕೆ ಸಂಕಲ್ಪದೊಡನೆ ನಿತ್ಯದ ಏರ್ಪಾಡೂ ಬೇಕೆಂಬುದು ಇದರಿಂದ ವಿದಿತವಾಗುತ್ತದೆ.

ಬೆಂಗಳೂರಿನ ಜೋಗುಪಾಳ್ಯದಲ್ಲಿ ವಾಸಿಸುತ್ತ, ಸಂಜೆ 6 ಗಂಟೆಯವರೆಗೆ ಕಚೇರಿಯಲ್ಲಿ ದುಡಿಯುವ ಗೃಹಸ್ಥನೊಬ್ಬನನ್ನು ಭಾವಿಸೋಣ. ಜುಲೈ ತಿಂಗಳಲ್ಲಿ ಅಲ್ಲಿ ಸೂರ್ಯಾಸ್ತ ಸುಮಾರು 6:50ಕ್ಕೆ. ನವೆಂಬರಿನಲ್ಲಿ ಸುಮಾರು 5:50ಕ್ಕೆ. ಜುಲೈಯಲ್ಲಿ ಮನೆಗೆ ಧಾವಿಸಿ ಉಣ್ಣಬಹುದು. ನವೆಂಬರಿನಲ್ಲಿ ಅದು ಅಸಾಧ್ಯ. ಬೆಳಗ್ಗೆಯೇ ಎರಡನೆಯ ಬುತ್ತಿಯನ್ನು ಕಟ್ಟಿಕೊಂಡು ಹೋಗಿ, ಸಂಜೆಯ ವಿರಾಮದಲ್ಲಿ ಉಂಡರೆ ಮಾತ್ರ ವ್ರತ ಉಳಿಯುತ್ತದೆ. ಮನೆಯವರ ಸಹಕಾರವಿಲ್ಲದೆ ಇದು ಸಾಗದು.

ವೃತ್ತಿಯಲ್ಲಿಯೂ ಹೀಗೆಯೇ. ಹೆಚ್ಚುಕಡಿಮೆ ತೂಗುವ ಹೀನಾಧಿಕಮಾನೋನ್ಮಾನವು ಅಚೌರ್ಯಾಣುವ್ರತದ ಅತಿಚಾರ. ಪ್ರಾಮಾಣಿಕನಾಗಿರುವೆನೆಂದು ಸಂಕಲ್ಪಿಸಿದರಷ್ಟೇ ಸಾಲದು. ಅಂಗಡಿ ತೆರೆದೊಡನೆ, ಮೊದಲ ಗಿರಾಕಿ ಬರುವ ಮುನ್ನ, ತಕ್ಕಡಿಯನ್ನು ಪರೀಕ್ಷಿಸುವುದು ನಿಯಮವಾಗಬೇಕು.

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 96 ಜನರನ್ನು 84 ದಿನ ಪರಿಶೀಲಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದಕ್ಕೆ ಪೋಷಕವಾಗಿದೆ. ನಿತ್ಯವೂ ಒಂದೇ ಸಂದರ್ಭದಲ್ಲಿ ಮಾಡಿದ ಕಾರ್ಯವು ತಾನಾಗಿ ನಡೆಯುವಂತಾಗಲು ಮಧ್ಯಮಾನದಲ್ಲಿ 66 ದಿನ ಬೇಕಾದವು. ವ್ಯಕ್ತಿಭೇದದಿಂದ ಈ ಅವಧಿ 18ರಿಂದ 254 ದಿನಗಳೆಂದು ಅಂದಾಜಾಯಿತು. ಹತ್ತು ದಿನಗಳ ಪಾಲನೆ ನೆಲೆಗೊಳ್ಳದಿದ್ದರೆ ಆಶ್ಚರ್ಯವೇನು? ಒಂದು ದಿನ ತಪ್ಪಿದ ಮಾತ್ರಕ್ಕೆ ಅಭ್ಯಾಸಕ್ಕೆ ಹೇಳಿಕೊಳ್ಳುವಂಥ ಹಾನಿಯಾಗಲಿಲ್ಲವೆಂಬುದೂ ಅಲ್ಲಿ ಕಂಡುಬಂತು.

ಅತಿಚಾರ ಬೇರೆ, ಅನಾಚಾರ ಬೇರೆ ಎಂದು ನಮ್ಮ ಆಚಾರ್ಯರು ತಿಳಿಸಿರುವುದರ ಮರ್ಮವನ್ನು ಇಲ್ಲಿ ನೆನೆಯಬೇಕು. ಜಾರಿದವನು ಪ್ರತಿಕ್ರಮಣದಿಂದ ದೋಷವನ್ನು ಕಳೆದು, ಮರುದಿನವೇ ವ್ರತವನ್ನು ಮುಂದುವರಿಸತಕ್ಕದ್ದು. ಒಮ್ಮೆ ತಪ್ಪಿತೆಂದು ವ್ರತವನ್ನೇ ಕೈಬಿಡುವುದು ಚಿಕ್ಕ ದೋಷವನ್ನು ಅನಾಚಾರಕ್ಕೆ ಒಯ್ದಂತೆ.

ಆದುದರಿಂದ ಬರುವ ಚತುರ್ದಶಿಯಂದು ಒಂದೇ ನಿಯಮವನ್ನು ಒಂದು ಪಕ್ಷಕ್ಕೆ ಸ್ವೀಕರಿಸಿರಿ. ಅದು ನಿಂತರೆ ಮಾಸಕ್ಕೆ, ಬಳಿಕ ಋತುವಿಗೆ ವಿಸ್ತರಿಸಿರಿ. ಯಮಕ್ಕೆ ಅವಸರ ಬೇಡ.