ಮನೆಮಂದಿಗೆಲ್ಲ ಒಂದು ಆಪತ್ತಿನ ಗಂಟು

ಒಣಬೇಸಾಯದವರಿಗೆ ನೆರೆಯ ಮಾತೇಕೆ ಅನ್ನಬೇಡಿ. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲಿಗೆ ವಿಜಯಪುರ, ಬಾಗಲಕೋಟೆ, ರಾಯಚೂರು ಕಡೆ ಸುರಿದ ಮಳೆಗೆ ಎಷ್ಟೋ ಮಣ್ಣಿನ ಮಾಳಿಗೆ ಮನೆಗಳು ಕುಸಿದವು. ಅಂಥ ರಾತ್ರಿ ಹುಡುಕಾಡಲು ಹೊತ್ತಿರೋದಿಲ್ಲ, ಗಂಟು ಮೊದಲೇ ಕಟ್ಟಿರಬೇಕು.

ಮೊದಲು ನೀರು. ಆಳಿಗೆ ದಿನಕ್ಕೆ 3 ಲೀಟರಿನಂತೆ ಐದು ಮಂದಿಗೆ ಮೂರು ದಿನಕ್ಕೆ 45 ಲೀಟರ್ ಆಗ್ತದೆ. ಹೊತ್ತು ಓಡಲಾಗದು. ಮಳೆ ಹಿಡಿದ ಕೂಡಲೇ 20 ಲೀಟರಿನ ಎರಡು ಕ್ಯಾನು ತುಂಬಿ ನೆರೆಯವರ ಆರ್‌ಸಿಸಿ ಮನೆಯಲ್ಲಿಡಿ, 5 ಲೀಟರಿನದೊಂದು ಗಂಟಿನ ಜೊತೆ ಇರಲಿ.

ಕಟ್ಟಿಗೆ ತೊಯ್ದರೆ ಒಲೆ ಹೊತ್ತೋದಿಲ್ಲ, ಅಕ್ಕಿ ಕಟ್ಟಿಕೊಂಡು ಏನು ಮಾಡೋದು? ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಪುಟಾಣಿ, ಬೆಲ್ಲವೇ ಸರಿ. ಈ ಲೆಕ್ಕ ನಮ್ಮ ಹೆಣ್ಣುಮಕ್ಕಳಿಗೆ ಯಾರೂ ಕಲಿಸಬೇಕಿಲ್ಲ.

ಭೇದಿಗೆ ಓಆರ್‌ಎಸ್ ಪೊಟ್ಟಣ ಇರಲಿ. ಇಲ್ಲವಾದರೆ 1 ಲೀಟರ್ ಶುದ್ಧ ನೀರಿಗೆ ಮಟ್ಟಸವಾಗಿ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಉಪ್ಪು ಹೆಚ್ಚಾದರೆ ಕೂಸಿಗೆ ಅಪಾಯ. ಹಿರಿಯರ ಬಿಪಿ, ಸಕ್ಕರೆ ಕಾಯಿಲೆಯ ಗುಳಿಗೆ ವಾರದ್ದು, ಬ್ಯಾಟರಿ, ಒಂದು ಸೀಟಿ ಸೇರಿಸಿ. ಪಹಣಿ, ಪಾಸ್‌ಬುಕ್, ರೇಷನ್ ಕಾರ್ಡ್, ಆಧಾರ್ ನಕಲು ಪ್ಲಾಸ್ಟಿಕ್ ಚೀಲದಲ್ಲಿರಲಿ. ಪರಿಹಾರಕ್ಕೆ ಹೋದರೆ ಕಾಗದ ಕೇಳ್ತಾರೆ.

ಗಂಟು ಯಾರು ಎತ್ತಬೇಕು, ದನ ಯಾರು ಬಿಡಬೇಕು, ಮೊದಲೇ ಹೇಳಿಡಿ. ತೊಯ್ದ ಕಣ್ಣಿ ಬಿಚ್ಚೋದು ಕಷ್ಟ, ಗ್ವಾದಲಿ ಹತ್ತಿರ ಕುಡುಗೋಲು ಸಿಕ್ಕಿಸಿಡಿ.