ಬಾಸ್ಕೆಟ್‌ಬಾಲಿನ ಅಂತ್ಯ ಸ್ಪರ್ಧೆಗಳೂ ಅವುಗಳಿಂದ ಕಲಿಯತಕ್ಕ ಪಾಠವೂ



ಶಾಲೆಯನ್ನು ಬಿಟ್ಟು ಎಷ್ಟೋ ವರ್ಷಗಳು ಕಳೆದ ಮೇಲೆಯೂ ಹೆಣ್ಣುಮಕ್ಕಳ ಮನಸ್ಸಿನಿಂದ ಮಾಸದಿರುವ ದಿನಗಳು ಎರಡು. ಪರೀಕ್ಷೆಯ ಫಲ ತಿಳಿದ ದಿನವು ಒಂದು. ಆಟದ ಬಯಲಿನಲ್ಲಿ ಗೆದ್ದ ಇಲ್ಲವೆ ಸೋತ ದಿನವು ಇನ್ನೊಂದು. ಮೊದಲನೆಯದನ್ನು ನಾವು ಬಹು ಗಂಭೀರವೆಂದೂ ಎರಡನೆಯದನ್ನು ಬರಿಯ ವಿನೋದವೆಂದೂ ಎಣಿಸುವುದು ವಾಡಿಕೆ. ಆದರೆ ಆಟದವರು ಸೋಲುಗೆಲುವುಗಳನ್ನು ನಿರ್ಣಯಿಸಲು ಏರ್ಪಡಿಸಿಕೊಂಡಿರುವ ಕ್ರಮವನ್ನು ಸ್ವಲ್ಪ ವಿಚಾರಿಸಿ ನೋಡಿದರೆ, ಪರೀಕ್ಷೆಯ ದಿನಕ್ಕೂ ಉಪಯೋಗವಾಗುವ ಒಂದು ಮಾತು ಅದರಲ್ಲಿ ಅಡಗಿದೆಯೆಂದು ತೋರುವುದು. ಆ ಮಾತನ್ನು ಬಾಸ್ಕೆಟ್‌ಬಾಲ್ ಆಟದ ಮೂಲಕ ವಿವರಿಸುವುದೇ ಈ ಲೇಖನದ ಉದ್ದೇಶ.

೧. ಆಟದ ಹುಟ್ಟು

ಬಾಸ್ಕೆಟ್‌ಬಾಲ್ ಆಟವು ೧೮೯೧ನೆಯ ಡಿಸೆಂಬರ್ ತಿಂಗಳಲ್ಲಿ ಅಮೇರಿಕೆಯ ಸ್ಪ್ರಿಂಗ್‌ಫೀಲ್ಡ್ ಪಟ್ಟಣದಲ್ಲಿ ಹುಟ್ಟಿತು. ಅಲ್ಲಿನ ವೈ.ಎಂ.ಸಿ.ಎ. ತರಬೇತಿ ಶಾಲೆಯಲ್ಲಿ ಉಪಾಧ್ಯಾಯರಾಗಿದ್ದ ಜೇಮ್ಸ್ ನೈಸ್ಮಿತ್ ಎಂಬವರು ಚಳಿಗಾಲದಲ್ಲಿ ಒಳಾಂಗಣದಲ್ಲಿ ಆಡಬಹುದಾದ ಆಟವೊಂದನ್ನು ಹುಡುಕುತ್ತಿದ್ದರು. ಅವರು ಹಣ್ಣಿನ ಬುಟ್ಟಿಗಳೆರಡನ್ನು ಗೋಡೆಯ ಎತ್ತರಕ್ಕೆ ಬಿಗಿಸಿ, ಹದಿಮೂರು ನಿಯಮಗಳನ್ನು ಬರೆದು, ಆಟವನ್ನು ಆರಂಭಿಸಿದರು. ಮೊದಲನೆಯ ಪಂದ್ಯದಲ್ಲಿ ಒಂದೊಂದು ಕಡೆಯಲ್ಲಿ ಒಂಬತ್ತು ಒಂಬತ್ತು ಜನರು ಆಡಿದರು. ಬಿದ್ದ ಬುಟ್ಟಿಯು ಒಂದೇ. ಬುಟ್ಟಿಗೆ ತಳವಿದ್ದುದರಿಂದ ಒಳಗೆ ಬಿದ್ದ ಚೆಂಡನ್ನು ಯಾರಾದರೂ ಏರಿ ತೆಗೆಯಬೇಕಾಗಿತ್ತಂತೆ.

ಈ ಆಟವು ಹುಡುಗಿಯರ ಕೈಗೆ ಬರುವುದಕ್ಕೆ ಹೆಚ್ಚು ಕಾಲ ಹಿಡಿಯಲಿಲ್ಲ. ೧೮೯೨ರಲ್ಲಿಯೇ ಸ್ಮಿತ್ ಕಾಲೇಜಿನ ವ್ಯಾಯಾಮ ಶಿಕ್ಷಕಿಯಾದ ಸೆಂಡಾ ಬೆರೆನ್ಸನ್ ಎಂಬಾಕೆಯು ಅದನ್ನು ತಮ್ಮ ವಿದ್ಯಾರ್ಥಿನಿಯರಿಗೆ ಕಲಿಸಿದರು. ೧೮೯೩ನೆಯ ಮಾರ್ಚ್ ತಿಂಗಳಲ್ಲಿ ಮೊದಲನೆಯ ವರ್ಷದವರಿಗೂ ಎರಡನೆಯ ವರ್ಷದವರಿಗೂ ಪಂದ್ಯವಾದಾಗ, ಗಂಡಸರಾರಿಗೂ ಒಳಗೆ ಪ್ರವೇಶವಿರಲಿಲ್ಲ. ಹುಡುಗಿಯರು ಬಹಳ ಓಡಿದರೆ ಆಯಾಸಗೊಂಡಾರೆಂಬ ಭಯದಿಂದ ಆಗ ಆಟದ ಅಂಕಣವನ್ನು ಮೂರು ಭಾಗ ಮಾಡಿ, ಪ್ರತಿಯೊಬ್ಬಳೂ ತನ್ನ ಭಾಗದಲ್ಲಿಯೇ ಇರತಕ್ಕದ್ದೆಂದು ವಿಧಿಸಿದ್ದರು. ಆ ಗೆರೆಗಳು ಅಳಿಸಿಹೋಗಲು ಎಷ್ಟೋ ದಶಕಗಳು ಬೇಕಾದವು. ನಮ್ಮ ದೇಶಕ್ಕೂ ಈ ಆಟವು ವೈ.ಎಂ.ಸಿ.ಎ.ಯ ಮೂಲಕವೇ ಬಂದಿತು. ೧೯೨೦ರಲ್ಲಿ ಹ್ಯಾರಿ ಕ್ರೋ ಬಕ್ ಎಂಬವರು ಮದರಾಸಿನಲ್ಲಿ ಸ್ಥಾಪಿಸಿದ ವ್ಯಾಯಾಮ ಶಿಕ್ಷಣ ಶಾಲೆಯು ಇಂಥ ಆಟಗಳನ್ನು ಕಲಿಸುವ ಶಿಕ್ಷಕರನ್ನು ಸಿದ್ಧಗೊಳಿಸಿತು.

೨. ಲೀಗ್ ಎಂದರೇನು, ಅಂತ್ಯ ಸ್ಪರ್ಧೆ ಎಂದರೇನು?

ಇದನ್ನು ನಮ್ಮ ಊರುಗಳ ಉದಾಹರಣೆಯಿಂದಲೇ ತಿಳಿಯೋಣ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಈ ಐದು ಊರುಗಳಿಂದ ಒಂದೊಂದು ಹುಡುಗಿಯರ ತಂಡವು ಹೊರಟಿತೆಂದು ಭಾವಿಸಿರಿ. ಸೋತವರು ಕೂಡಲೇ ಹೊರಗೆ ಹೋಗತಕ್ಕದ್ದೆಂಬ ನಿಯಮವಿದ್ದರೆ ಒಟ್ಟು ನಾಲ್ಕೇ ಪಂದ್ಯಗಳು ಸಾಕು. ಯಾಕೆಂದರೆ ಒಂದೊಂದು ಪಂದ್ಯವು ಒಂದೊಂದು ತಂಡವನ್ನು ಹೊರಗೆ ಕಳುಹಿಸುತ್ತದೆ. ಐವರಲ್ಲಿ ಒಬ್ಬರು ಉಳಿಯಬೇಕಾದರೆ ನಾಲ್ವರು ಸೋಲಬೇಕು. ಚಿಂಚೋಳಿಯ ಹುಡುಗಿಯರು ರೈಲಿಲ್ಲದ ಊರಿನಿಂದ ಬಸ್ಸು ಹಿಡಿದು ಶಹಾಬಾದಿನವರೆಗೆ ಬಂದು, ಒಂದು ಗಂಟೆ ಆಡಿ, ಎರಡು ಅಂಕಗಳಿಂದ ಸೋತು, ಅದೇ ಸಂಜೆ ಹಿಂದಿರುಗಬೇಕಾಗಬಹುದು.

ಅದಕ್ಕೆ ಬದಲಾಗಿ ಪ್ರತಿಯೊಂದು ತಂಡವೂ ಉಳಿದ ಎಲ್ಲಾ ತಂಡಗಳೊಡನೆ ಒಂದೊಂದು ಸಾರಿ ಆಡಿದರೆ ಹತ್ತು ಪಂದ್ಯಗಳಾಗುವವು; ತಮ್ಮ ಊರಿನಲ್ಲಿ ಒಂದು, ಎದುರಾಳಿಯ ಊರಿನಲ್ಲಿ ಒಂದು ಎಂದು ಆಡಿದರೆ ಇಪ್ಪತ್ತು. ಇದೇ ಲೀಗ್ ಎಂಬ ಕ್ರಮ. ಇಲ್ಲಿ ಒಂದು ದಿನದ ಅದೃಷ್ಟಕ್ಕಿಂತ ಬಹುದಿನದ ಸ್ಥೈರ್ಯವು ದೊಡ್ಡದು. ಲೀಗು ಮುಗಿದ ಬಳಿಕ ಮೊದಲಿನ ನಾಲ್ಕು ತಂಡಗಳನ್ನು ಆರಿಸಿ, ಒಂದನೆಯದಕ್ಕೂ ನಾಲ್ಕನೆಯದಕ್ಕೂ, ಎರಡನೆಯದಕ್ಕೂ ಮೂರನೆಯದಕ್ಕೂ ಸ್ಪರ್ಧೆಯಿಟ್ಟು, ಗೆದ್ದ ಇಬ್ಬರನ್ನು ಕೊನೆಗೆ ಎದುರುಬದುರು ನಿಲ್ಲಿಸುತ್ತಾರೆ. ಇದಕ್ಕೆ ಅಂತ್ಯ ಸ್ಪರ್ಧೆ ಅಥವಾ ಪ್ಲೇ-ಆಫ್ ಎಂದು ಹೆಸರು. ಕಾಗದದ ಮೇಲೆ ಇದರ ನಕ್ಷೆಯನ್ನು ಬರೆದರೆ ವಾಡಿಯ ಜಂಕ್ಷನ್ನು ಕಣ್ಣಿಗೆ ಕಟ್ಟುವುದು: ಶಹಾಬಾದಿನ ಕಡೆಯಿಂದ ಒಂದು ಹಳಿ, ಸೇಡಂ ಚಿತ್ತಾಪುರಗಳ ಕಡೆಯಿಂದ ಇನ್ನೊಂದು ಹಳಿ ಬಂದು ಕೂಡಿ ಮುಂದೆ ಒಂದಾಗಿ ಸಾಗುವಂತೆ, ತಂಡಗಳ ಗೆರೆಗಳೂ ಎರಡೆರಡಾಗಿ ಕೂಡುತ್ತಾ ಒಂದರಲ್ಲಿ ಮುಗಿಯುತ್ತವೆ.

೩. ಒಂದೇ ಪಂದ್ಯವೋ, ಸರಣಿಯೋ?

ಅಂತ್ಯ ಸ್ಪರ್ಧೆಯಲ್ಲಿ ಎರಡು ತಂಡಗಳು ಒಂದೇ ಸಾರಿ ಆಡತಕ್ಕದ್ದೋ, ಅನೇಕ ಸಾರಿ ಆಡತಕ್ಕದ್ದೋ? ಇದು ಗಣಿತದ ಪ್ರಶ್ನೆಯೂ ಹೌದು. ಹತ್ತು ಪಂದ್ಯಗಳಲ್ಲಿ ಆರನ್ನು ಗೆಲ್ಲಬಲ್ಲ ತಂಡವೊಂದಿದೆಯೆನ್ನಿರಿ. ಒಂದೇ ಪಂದ್ಯವಿಟ್ಟರೆ ಅದು ನೂರರಲ್ಲಿ ೬೦ ಸಾರಿ ಗೆಲ್ಲುವುದು. ಮೂರರಲ್ಲಿ ಎರಡು ಗೆದ್ದವರು ಜಯಶಾಲಿಗಳೆಂದರೆ ಸುಮಾರು ೬೫ ಸಾರಿ. ಐದರಲ್ಲಿ ಮೂರೆಂದರೆ ಸುಮಾರು ೬೮. ಏಳರಲ್ಲಿ ನಾಲ್ಕೆಂದರೆ ಸುಮಾರು ೭೧. ಸರಣಿಯು ಉದ್ದವಾದಷ್ಟೂ ನಿಜವಾದ ಯೋಗ್ಯತೆಯು ಹೊರಗೆ ಬರುತ್ತದೆ. ಆದರೂ ಏಳು ಪಂದ್ಯಗಳ ಸರಣಿಯಲ್ಲಿಯೂ ನೂರಕ್ಕೆ ೨೯ ಸಾರಿ ಉತ್ತಮವಾದ ತಂಡವೇ ಸೋಲುವುದೆಂಬುದನ್ನು ಮರೆಯಬಾರದು. ಯಾವ ಪರೀಕ್ಷೆಯೂ ಮನುಷ್ಯರ ಯೋಗ್ಯತೆಯನ್ನು ಪೂರ್ತಿಯಾಗಿ ಅಳೆಯಲಾರದು.

ಅಮೇರಿಕೆಯಲ್ಲಿ ಹೆಂಗಸರಿಗಾಗಿ ಡಬ್ಲ್ಯೂ.ಎನ್.ಬಿ.ಎ. ಎಂಬ ವೃತ್ತಿಪರ ಲೀಗು ೧೯೯೭ರಲ್ಲಿ ಎಂಟು ತಂಡಗಳೊಡನೆ ಆಟವನ್ನಾರಂಭಿಸಿತು. ಅದರ ಚರಿತ್ರೆಯೇ ಈ ಲೆಕ್ಕಕ್ಕೆ ಸಾಕ್ಷಿ. ಮೊದಲನೆಯ ವರ್ಷ ಪ್ರಶಸ್ತಿಯನ್ನು ಒಂದೇ ಪಂದ್ಯದಲ್ಲಿ ನಿರ್ಣಯಿಸಿದರು. ಹ್ಯೂಸ್ಟನ್ ಕಾಮೆಟ್ಸ್ ತಂಡವು ನ್ಯೂಯಾರ್ಕ್ ಲಿಬರ್ಟಿ ತಂಡವನ್ನು ೬೫-೫೧ರಿಂದ ಸೋಲಿಸಿತು. ೧೯೯೮ರಿಂದ ಮೂರು ಪಂದ್ಯಗಳ ಸರಣಿಯೂ, ೨೦೦೫ರಿಂದ ಐದು ಪಂದ್ಯಗಳದ್ದೂ, ೨೦೨೫ರಲ್ಲಿ ಏಳು ಪಂದ್ಯಗಳದ್ದೂ ಜಾರಿಗೆ ಬಂದವು. ಸೋತವರಿಗೆ ಇನ್ನೊಂದು ದಿನವನ್ನು ಕೊಡುವ ಕಡೆಗೇ ಆ ಲೀಗು ಹೆಜ್ಜೆಹೆಜ್ಜೆಯಾಗಿ ನಡೆದು ಬಂದಿದೆ.

೪. ಮರೆಯಲಾಗದ ಕೆಲವು ಸಂದರ್ಭಗಳು

೧೯೯೯ನೆಯ ಸೆಪ್ಟೆಂಬರ್ ೪ರಂದು ಹ್ಯೂಸ್ಟನ್ ನಗರದಲ್ಲಿ ಎರಡನೆಯ ಪಂದ್ಯ ನಡೆಯುತ್ತಿತ್ತು. ಮೊದಲನೆಯದನ್ನು ಹ್ಯೂಸ್ಟನ್ ಗೆದ್ದುಕೊಂಡಿತ್ತು. ಆ ತಂಡದ ಆಟಗಾರ್ತಿ ಕಿಮ್ ಪೆರೋ ಎಂಬಾಕೆಯು ಹದಿನಾರು ದಿನಗಳ ಹಿಂದೆಯಷ್ಟೇ ಕ್ಯಾನ್ಸರ್ ರೋಗದಿಂದ ಮೃತಪಟ್ಟಿದ್ದುದರಿಂದ ಎಲ್ಲರ ಮನಸ್ಸೂ ಭಾರವಾಗಿತ್ತು. ಪಂದ್ಯ ಮುಗಿಯಲು ಕೇವಲ ೨.೪ ಸೆಕೆಂಡುಗಳಿರುವಾಗ ಹ್ಯೂಸ್ಟನ್ ಮುಂದಾಯಿತು. ವಿಜಯೋತ್ಸವದ ಬಣ್ಣದ ಕಾಗದದ ಚೂರುಗಳೂ ಮೇಲಿನಿಂದ ಉದುರತೊಡಗಿದವು. ಆಗ ನ್ಯೂಯಾರ್ಕಿನ ತೆರೇಸಾ ವೆದರ್‌ಸ್ಪೂನ್ ಚೆಂಡನ್ನು ಹಿಡಿದು, ಎರಡು ಹೆಜ್ಜೆ ಓಡಿ, ಅಂಕಣದ ನಡುಗೆರೆಯ ಹಿಂದಿನಿಂದಲೇ ಎಸೆದರು. ಚೆಂಡು ಹಲಗೆಗೆ ತಗಲಿ ಬುಟ್ಟಿಯೊಳಗೆ ಬಿದ್ದಿತು. ನ್ಯೂಯಾರ್ಕ್ ೬೮, ಹ್ಯೂಸ್ಟನ್ ೬೭.

ಆದರೆ ಮರುದಿನವೇ ಮೂರನೆಯ ಪಂದ್ಯವನ್ನು ಹ್ಯೂಸ್ಟನ್ ೫೯-೪೭ರಿಂದ ಗೆದ್ದು, ಸತತವಾಗಿ ಮೂರನೆಯ ಸಾರಿ ಪ್ರಶಸ್ತಿಯನ್ನು ಪಡೆಯಿತೆಂಬುದನ್ನೂ ಹೇಳಬೇಕು. ವೆದರ್‌ಸ್ಪೂನರ ಆ ಎಸೆತವು ಅವರ ತಂಡಕ್ಕೆ ಪ್ರಶಸ್ತಿಯನ್ನು ತಂದುಕೊಡಲಿಲ್ಲ. ಇನ್ನೊಂದು ದಿನವನ್ನು ಮಾತ್ರ ತಂದುಕೊಟ್ಟಿತು. ಆದರೂ ಜನರು ಇಂದಿಗೂ ನೆನೆಯುವುದು ಅದನ್ನೇ.

ಅದೇ ನ್ಯೂಯಾರ್ಕ್ ತಂಡವು ೧೯೯೭, ೧೯೯೯, ೨೦೦೦, ೨೦೦೨, ೨೦೨೩ ಹೀಗೆ ಐದು ಸಾರಿ ಕೊನೆಯ ಸರಣಿಯವರೆಗೆ ಬಂದು ಐದು ಸಾರಿಯೂ ಸೋತಿತು. ೨೦೨೪ರಲ್ಲಿ ಆರನೆಯ ಸಾರಿ ಬಂದಾಗ ಎದುರಾಳಿಯು ಮಿನೆಸೋಟ ಲಿಂಕ್ಸ್. ಅಕ್ಟೋಬರ್ ೧೦ರ ಮೊದಲನೆಯ ಪಂದ್ಯದಲ್ಲಿ ನ್ಯೂಯಾರ್ಕ್ ಒಂದು ಹಂತದಲ್ಲಿ ೧೮ ಅಂಕಗಳಷ್ಟು ಮುಂದಿತ್ತು. ಆದರೂ ಮಿನೆಸೋಟದವರು ಬೆನ್ನಟ್ಟಿ ಬಂದರು. ಇನ್ನು ೦.೮ ಸೆಕೆಂಡು ಇರುವಾಗ ನ್ಯೂಯಾರ್ಕಿನ ಬ್ರಿಯಾನಾ ಸ್ಟೂವರ್ಟ್ ಎಂಬ ಪ್ರಸಿದ್ಧ ಆಟಗಾರ್ತಿಗೆ ಎರಡು ಫ್ರೀ ಥ್ರೋಗಳು ದೊರೆತವು. ಎದುರಾಳಿಯು ನಿಯಮ ಮುರಿದಾಗ, ಯಾರೂ ಅಡ್ಡ ಬಾರದಂತೆ ಗೆರೆಯ ಮೇಲೆ ನಿಂತು ಎಸೆಯುವುದಕ್ಕೆ ಫ್ರೀ ಥ್ರೋ ಎನ್ನುತ್ತಾರೆ. ಮೊದಲನೆಯದು ಬಿದ್ದು ಅಂಕಗಳು ಸಮವಾದವು. ಗೆಲುವನ್ನು ತರಬೇಕಾಗಿದ್ದ ಎರಡನೆಯದು ತಪ್ಪಿತು. ಹೆಚ್ಚುವರಿ ಐದು ನಿಮಿಷಗಳ ಆಟದ ಕೊನೆಯಲ್ಲಿ ಬುಟ್ಟಿಯ ಹತ್ತಿರದಿಂದಲೇ ಅವರು ಎಸೆದ ಚೆಂಡೂ ತಪ್ಪಿತು. ಮಿನೆಸೋಟ ೯೫-೯೩ರಿಂದ ಗೆದ್ದಿತು.

ಒಂದೇ ಪಂದ್ಯದ ನಿಯಮವಿದ್ದಿದ್ದರೆ ಕಥೆಯು ಅಲ್ಲಿಗೇ ಮುಗಿಯುತ್ತಿತ್ತು. ಸ್ಟೂವರ್ಟ್ ಎಂದರೆ ತಪ್ಪಿಸಿದವಳು ಎಂಬ ಮಾತೇ ಉಳಿಯುತ್ತಿತ್ತು. ಆದರೆ ಸರಣಿಯು ಮುಂದುವರಿಯಿತು. ಎರಡನೆಯದನ್ನು ನ್ಯೂಯಾರ್ಕ್ ಗೆದ್ದಿತು. ಮೂರನೆಯದರಲ್ಲಿ ಸಬ್ರೀನಾ ಅಯೊನೆಸ್ಕು ಒಂದು ಸೆಕೆಂಡು ಉಳಿದಿರುವಾಗ ಬಹು ದೂರದಿಂದೆಸೆದ ಚೆಂಡು ೮೦-೭೭ರ ಜಯವನ್ನು ತಂದಿತು. ನಾಲ್ಕನೆಯದನ್ನು ಮಿನೆಸೋಟ ೮೨-೮೦ರಿಂದ ಗೆದ್ದು ಲೆಕ್ಕವನ್ನು ಸಮಮಾಡಿತು. ಅಕ್ಟೋಬರ್ ೨೦ರಂದು ಐದನೆಯ ಪಂದ್ಯ. ನ್ಯೂಯಾರ್ಕ್ ಎರಡು ಅಂಕಗಳಷ್ಟು ಹಿಂದಿತ್ತು. ಉಳಿದ ಕಾಲ ೫.೨ ಸೆಕೆಂಡು. ಪುನಃ ಅದೇ ಸ್ಟೂವರ್ಟರು ಅದೇ ಗೆರೆಯ ಮೇಲೆ ನಿಲ್ಲಬೇಕಾಯಿತು. ಆ ದಿನ ಅವರ ಎಸೆತಗಳು ಬಹಳವಾಗಿ ತಪ್ಪಿದ್ದವು. ಆದರೆ ಈ ಎರಡೂ ಫ್ರೀ ಥ್ರೋಗಳು ಬುಟ್ಟಿಯೊಳಗೆ ಬಿದ್ದವು. ೬೦-೬೦. ಹೆಚ್ಚುವರಿ ಆಟದಲ್ಲಿ ನ್ಯೂಯಾರ್ಕ್ ೬೭-೬೨ರಿಂದ ಗೆದ್ದು, ಇಪ್ಪತ್ತೆಂಟನೆಯ ಋತುವಿನಲ್ಲಿ ತನ್ನ ಮೊದಲನೆಯ ಪ್ರಶಸ್ತಿಯನ್ನು ಪಡೆಯಿತು. ಆ ಫ್ರೀ ಥ್ರೋಗಳಿಗೆ ಕಾರಣವಾದ ತೀರ್ಪು ಸರಿಯಲ್ಲವೆಂದು ಮಿನೆಸೋಟದ ತರಬೇತುಗಾರ್ತಿಯು ಬಹಿರಂಗವಾಗಿ ಆಕ್ಷೇಪಿಸಿದರು. ಆಟದಲ್ಲಿ ಎಲ್ಲವೂ ನ್ಯಾಯವಾಗಿ ನಡೆಯುತ್ತದೆಂದು ನಾವು ಮಕ್ಕಳಿಗೆ ಹೇಳಬಾರದು. ತೀರ್ಪು ಕಹಿಯಾದಾಗಲೂ ಮುಂದಿನ ಋತುವಿಗೆ ಸಿದ್ಧರಾಗಬೇಕೆಂದು ಹೇಳಬೇಕು.

೨೦೨೫ರಲ್ಲಿ ಇನ್ನೊಂದು ನಿದರ್ಶನವು ದೊರೆಯಿತು. ಆಗಸ್ಟ್ ೨ರಂದು ಲಾಸ್ ವೇಗಾಸ್ ಏಸಸ್ ತಂಡವು ತನ್ನ ಊರಿನಲ್ಲಿಯೇ ೫೩ ಅಂಕಗಳ ಅಂತರದಿಂದ, ೧೧೧-೫೮ ಎಂದು ಸೋತಿತು. ಆ ಬಳಿಕ ಲೀಗಿನ ಉಳಿದ ೧೬ ಪಂದ್ಯಗಳನ್ನೂ ಒಂದೂ ಬಿಡದೆ ಗೆದ್ದು, ಅಂತ್ಯ ಸ್ಪರ್ಧೆಯಲ್ಲಿ ಪ್ರಶಸ್ತಿಯನ್ನೇ ಗಳಿಸಿತು.

೫. ನಮ್ಮ ರಾಜ್ಯದಲ್ಲಿ ಕಂಡದ್ದು

ದೂರದೇಶದ ಮಾತು ಸಾಕು. ೨೦೧೭ನೆಯ ಜುಲೈ ತಿಂಗಳಲ್ಲಿ ನಮ್ಮ ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣದಲ್ಲಿಯೇ ಏಷ್ಯಾ ಖಂಡದ ಮಹಿಳಾ ಬಾಸ್ಕೆಟ್‌ಬಾಲ್ ಸ್ಪರ್ಧೆ ನಡೆಯಿತು. ಇದು ವೃತ್ತಿಪರ ಲೀಗಲ್ಲ, ದೇಶದೇಶಗಳ ಸ್ಪರ್ಧೆ. ಇಲ್ಲಿ ಕೊನೆಯ ಹಂತದಲ್ಲಿ ಸೋತವರಿಗೆ ಮರುದಿನವೆಂಬುದಿಲ್ಲ. ಎರಡನೆಯ ದರ್ಜೆಯಲ್ಲಿದ್ದ ಭಾರತ ತಂಡವು ಅಂತಿಮ ಪಂದ್ಯದಲ್ಲಿ ಕಜಾಕಿಸ್ತಾನವನ್ನು ೭೫-೭೩ರಿಂದ ಸೋಲಿಸಿ ಮೊದಲನೆಯ ದರ್ಜೆಗೆ ಏರಿತು. ಎರಡೇ ಅಂಕಗಳು! ಒಂದು ಬುಟ್ಟಿ ತಪ್ಪಿದ್ದರೆ ಆಟವು ಸಮವಾಗುತ್ತಿತ್ತು.

ಎರಡು ವರ್ಷಗಳ ತರುವಾಯ, ೨೦೧೯ರಲ್ಲಿ, ಅದೇ ಬೆಂಗಳೂರಿನಲ್ಲಿ ಮೊದಲನೆಯ ದರ್ಜೆಯ ಸ್ಪರ್ಧೆಯು ಸೇರಿತು. ಜಪಾನ್, ಚೀನಾ, ಕೊರಿಯಾ ಮೊದಲಾದ ಬಲಾಢ್ಯರ ನಡುವೆ ನಮ್ಮವರು ಎಂಟು ತಂಡಗಳಲ್ಲಿ ಎಂಟನೆಯವರಾದರು. ಹಾಗಾದರೆ ೨೦೧೭ರ ಗೆಲುವು ಸುಳ್ಳೇ? ಅಲ್ಲ. ೨೦೧೯ರ ಸೋಲು ಕೊನೆಯ ಮಾತೇ? ಅದೂ ಅಲ್ಲ. ಗೆಲುವು ಅವರನ್ನು ದೊಡ್ಡ ಶಾಲೆಗೆ ಸೇರಿಸಿತು. ದೊಡ್ಡ ಶಾಲೆಯಲ್ಲಿ ಪಾಠವು ಕಠಿಣವಾಗಿತ್ತು, ಅಷ್ಟೇ.

೬. ಮನೆಗೆ ಒಯ್ಯತಕ್ಕ ಮಾತು

ಈಗ ಪೋಷಕರಿಗೆ ಒಂದು ಬಿನ್ನಹ. ನಮ್ಮ ಸೀಮೆಯಲ್ಲಿ ಗಂಡುಮಗನು ಒಂದು ಪರೀಕ್ಷೆಯಲ್ಲಿ ತಪ್ಪಿದರೆ, "ಇನ್ನೊಮ್ಮೆ ಕಟ್ಟು" ಎನ್ನುತ್ತೇವೆ. ಹೆಣ್ಣುಮಗಳು ತಪ್ಪಿದರೆ, "ಇನ್ನು ಸಾಕು, ಮನೆಯಲ್ಲಿರಲಿ" ಎಂಬ ಮಾತು ಎಷ್ಟೋ ಮನೆಗಳಲ್ಲಿ ಹೊರಡುತ್ತದೆ. ಕೆಲವು ಕಡೆ ವರನನ್ನು ಹುಡುಕುವ ಮಾತೂ ಅದೇ ವಾರದಲ್ಲಿ ಹುಟ್ಟುತ್ತದೆ. ಅಂದರೆ ಮಗನಿಗೆ ಸರಣಿಯನ್ನೂ ಮಗಳಿಗೆ ಒಂದೇ ಪಂದ್ಯವನ್ನೂ ನಾವು ನೇಮಿಸಿದ್ದೇವೆ. ಒಂದು ಬೆಳಗಿನ ಜ್ವರ, ಒಂದು ಗಣಿತದ ಪತ್ರಿಕೆ, ಹತ್ತು ವರ್ಷಗಳ ಓದನ್ನು ಅಳಿಸಿಬಿಡುತ್ತದೆ. ಇದು ನ್ಯಾಯವೇ?

ಸರ್ಕಾರವಾದರೂ ಈ ಮಾತನ್ನು ಗ್ರಹಿಸಿದಂತಿದೆ. ೨೦೨೪ರಲ್ಲಿ ಕರ್ನಾಟಕದ ಎಸ್.ಎಸ್.ಎಲ್.ಸಿ. ಪರೀಕ್ಷೆಯನ್ನು ಒಂದೇ ವರ್ಷದಲ್ಲಿ ಮೂರು ಸಾರಿ ನಡೆಸಿ, ಅವುಗಳಲ್ಲಿ ಉತ್ತಮವಾದ ಅಂಕಗಳನ್ನೇ ಉಳಿಸಿಕೊಳ್ಳಬಹುದೆಂಬ ಕ್ರಮವನ್ನು ತಂದರು. ಆದರೆ ಪರೀಕ್ಷಾ ಮಂಡಳಿಯು ಎಷ್ಟು ಅವಕಾಶಗಳನ್ನು ಕೊಟ್ಟರೂ, ಮನೆಯ ಬಾಗಿಲು ಮುಚ್ಚಿದ್ದರೆ ಪ್ರಯೋಜನವೇನು?

ಪೂರ್ವ ವಿದ್ಯಾರ್ಥಿನಿಯರೇ, ನಿಮ್ಮಲ್ಲಿ ಅನೇಕರು ಈಗ ತಾಯಂದಿರಾಗಿದ್ದೀರಿ, ಕೆಲವರು ಅಜ್ಜಿಯರೂ ಆಗಿರಬಹುದು. ಶಹಾಬಾದಿನ ಕಲ್ಲು ಹಾಸಿದ ಅಂಗಳದಲ್ಲಿ ನಿಮ್ಮ ಮಗಳೋ ಮೊಮ್ಮಗಳೋ ಚೆಂಡನ್ನು ಪುಟಿಸುತ್ತಿದ್ದರೆ, ಸದ್ದಾಗುತ್ತದೆಂದು ಗದರಿಸಬೇಡಿರಿ. ಅವಳು ಎಸೆದದ್ದು ತಪ್ಪಿದರೆ ನಗಬೇಡಿರಿ. ಸ್ಟೂವರ್ಟರು ಮೊದಲನೆಯ ದಿನ ತಪ್ಪಿಸಿದ ಗೆರೆಯ ಮೇಲೆಯೇ ಹತ್ತು ದಿನಗಳ ಮೇಲೆ ನಿಂತು ಗೆದ್ದದ್ದನ್ನು ಅವಳಿಗೆ ಹೇಳಿರಿ. ಆಮೇಲೆ ಚೆಂಡನ್ನು ಎತ್ತಿ ಅವಳ ಕೈಗೆ ಕೊಟ್ಟು, "ಇನ್ನೊಂದು ಸಾರಿ ಎಸೆ, ತಾಯಿ" ಎನ್ನಿರಿ.