ಮುಂಗಡವು ಜೀತವಾಗುವುದು ಯಾವಾಗ?

ಕಡೂರು ತಾಲ್ಲೂಕಿನ ಹಿರೇನಲ್ಲೂರಿನಲ್ಲಿ ತೆಂಗಿನಕಾಯಿ ಸುಲಿಸುವ ವರ್ತಕರು ಆಳಿಗೆ ಮುಂಗಡ ಕೊಟ್ಟರೆ ಅದು ಅಪರಾಧವಲ್ಲ. ಆ ಸಾಲ ತೀರುವವರೆಗೆ ಬೇರೆಡೆ ದುಡಿಯಕೂಡದೆಂದು ತಡೆದರೆ, ಇಲ್ಲವೆ ಅದರ ನೆಪದಲ್ಲಿ ಕನಿಷ್ಠ ವೇತನಕ್ಕಿಂತ ಕಡಿಮೆ ಕೂಲಿ ಕೊಟ್ಟರೆ, ಅದು ಜೀತವೆನಿಸುತ್ತದೆ. ‘ಅವನೇ ಒಪ್ಪಿ ಹೆಬ್ಬೆಟ್ಟು ಒತ್ತಿದ್ದಾನೆ’ ಎಂಬ ಸಮರ್ಥನೆ ನಿಲ್ಲದು. ಹಸಿವು, ಬಡತನಗಳ ಒತ್ತಡದಿಂದ ಕನಿಷ್ಠ ವೇತನಕ್ಕೂ ಕಡಿಮೆಗೆ ದುಡಿಯುವುದು ಸಹ ಬಲವಂತದ ದುಡಿಮೆಯೇ ಎಂದು ಸರ್ವೋಚ್ಚ ನ್ಯಾಯಾಲಯವು 1982ರಲ್ಲಿ, ಏಷ್ಯನ್ ಕ್ರೀಡಾಕೂಟದ ಕಾಮಗಾರಿಗಳ ಪ್ರಕರಣದಲ್ಲಿ, ತೀರ್ಪಿತ್ತಿದೆ.

1976ರ ಜೀತಪದ್ಧತಿ ರದ್ದತಿ ಅಧಿನಿಯಮದಂತೆ ಅಂತಹ ಸಾಲವೇ ರದ್ದಾಗುತ್ತದೆ; ದುಡಿಸಿಕೊಂಡವರಿಗೆ 3 ವರ್ಷಗಳವರೆಗೆ ಸೆರೆವಾಸ, 2,000 ರೂಪಾಯಿಗಳವರೆಗೆ ದಂಡವುಂಟು. (ದಂಡ ಅಲ್ಪವೆನಿಸಬಹುದು, ಸೆರೆವಾಸ ಅಲ್ಪವಲ್ಲ.) ನೊಂದ ಆಳು ಜಿಲ್ಲಾಧಿಕಾರಿಗಳಿಗೆ ಅಥವಾ ಉಪವಿಭಾಗಾಧಿಕಾರಿಗಳಿಗೆ ದೂರು ಕೊಡಬಹುದು. ವರ್ತಕರು ಮುಂಗಡದ ಲೆಕ್ಕವನ್ನು ಕೂಲಿಯ ಲೆಕ್ಕದಿಂದ ಬೇರೆಯಾಗಿಟ್ಟು, ಕೊಟ್ಟ ಕೂಲಿಯನ್ನು ವಾರವಾರವೂ ಆಳಿನ ಎದುರಿನಲ್ಲೇ ಬರೆದಿಡುವುದು ಉಚಿತ.